ಒಂದೇ ಹೆಸರು, ಬೇರೆ ದನಿ

ಕಳೆದ ತಪಸ್ಸುಕಾಲದ ಒಂದು ಸಂಜೆ ಚಿಗಳ್ಳಿಯ ಮನೆಯೊಂದರ ಜಗುಲಿಯಲ್ಲಿ ಕುಳಿತಿದ್ದೆ. ಮನೆಭೇಟಿಗೆಂದು ಹೋಗಿದ್ದೆ, ಪ್ರಾರ್ಥನೆ ಮುಗಿದು ಚಹಾ ಬಂದಿತ್ತು. ಆ ಮನೆಯ ಮಗ ನಮ್ಮ ಗಾನವೃಂದದಲ್ಲಿ ಕೀಬೋರ್ಡ್ ನುಡಿಸುವ ತರುಣ. ಇಬ್ಬರು ಗೆಳೆಯರೊಡನೆ ಸೇರಿ, ಎರಡು ವರ್ಷ ದುಡಿದು ಉಳಿಸಿದ ಹಣವನ್ನೆಲ್ಲ ಹಾಕಿ, ಏಳು ಭಕ್ತಿಗೀತೆಗಳನ್ನು ಧ್ವನಿಮುದ್ರಿಸಿ ಆ ಆಲ್ಬಮ್‌ಗೆ ‘ಜೀವಜಲ’ ಎಂದು ಹೆಸರಿಟ್ಟಿದ್ದ. ಸಮಾರಿಯದ ಸ್ತ್ರೀಯ ಪ್ರಸಂಗದಿಂದ ಆಯ್ದುಕೊಂಡ ಹೆಸರು. ಆ ಸಂಜೆ ಅವನು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ಅದೇ ಹೆಸರಿನ ಬೇರೆ ಆಲ್ಬಮ್‌ಗಳು ಐದಾರು ಸಾಲಾಗಿ ಕಂಡವು. ಅವುಗಳಲ್ಲಿ ಒಂದರ ಗಾಯಕನಿಗೆ ಇವನದೇ ಹೆಸರು. ಗೋವೆಯಲ್ಲಿರುವ ಚಿಕ್ಕಪ್ಪ ಹಾಡು ಕೇಳಿ ಬಹಳ ಮೆಚ್ಚಿ ಮಾತಾಡಿದ್ದರಂತೆ. ವಿಚಾರಿಸಿದರೆ ಅವರು ಕೇಳಿದ್ದು, ಮೆಚ್ಚಿದ್ದು, ಊರೆಲ್ಲ ಹಂಚಿದ್ದು ಆ ಇನ್ನೊಬ್ಬನ ಹಾಡು!

“ಫಾದರ್, ನಮ್ಮ ಹೆಸರಿನ್ಯಾಗ ನಾವು ಕಳದು ಹೋದ್ವಿ ನೋಡ್ರಿ,” ಎಂದ. ಒಳಗಿನಿಂದ ಅವನ ಅಜ್ಜಿ ಸಮಾಧಾನ ಹೇಳಿದರು: “ನಮ್ಮ ಓಣ್ಯಾಗ ಮೂರು ಮಂದಿ ಮೇರಿ ಅದಾರ. ನಾ ಕರದ್ರ ನಮ್ಮಾಕಿ ಒಬ್ಬಾಕೀನ ಓ ಅಂತಾಳ. ಅದಕ್ಯಾಕ ಇಷ್ಟು ಚಿಂತಿ?” ಹುಡುಗ ನಗಲಿಲ್ಲ. ನಾನೂ ಎರಡು ಒಳ್ಳೆಯ ಮಾತು ಹೇಳಿ ಎದ್ದುಬಂದೆ. ಆದರೆ ಮುಂಡಗೋಡದ ದಾರಿ ಹಿಡಿದಾಗಿನಿಂದ ಅವನ ಮಾತು ನನ್ನ ಬೆನ್ನು ಬಿಟ್ಟಿಲ್ಲ. ಹೆಸರು ಎಂಬುದು ಯಾರ ಸ್ವತ್ತು? ಒಂದೇ ಹೆಸರನ್ನು ಇಬ್ಬರು ಹೊತ್ತಾಗ ಯಾರು ಯಾರಿಗೆ ಋಣಿ?

ಕಾನೂನಿನ ಉತ್ತರ ಚಿಕ್ಕದು. ಹಾಡಿಗೆ, ರಾಗಸಂಯೋಜನೆಗೆ, ಧ್ವನಿಮುದ್ರಿಕೆಗೆ ಕೃತಿಸ್ವಾಮ್ಯ ಉಂಟು. ಬರಿಯ ಶೀರ್ಷಿಕೆಗೆ ಇಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಒಂದು ಚಲನಚಿತ್ರದ ಹೆಸರಿನ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು. ವ್ಯಾಪಾರಚಿಹ್ನೆಯಾಗಿ ನೋಂದಾಯಿಸಿದ ಹೆಸರಿನ ಮಾತು ಬೇರೆ. ಆದುದರಿಂದ ‘ಜೀವಜಲ’ ಎಂಬ ಪದವನ್ನು ಯಾರು ಬೇಕಾದರೂ ತಮ್ಮ ಆಲ್ಬಮ್‌ಗೆ ಇಡಬಹುದು. ಆದರೆ ಕಾನೂನು ಬಿಟ್ಟುಕೊಟ್ಟದ್ದೆಲ್ಲವನ್ನೂ ಆತ್ಮಸಾಕ್ಷಿ ಬಿಟ್ಟುಕೊಡುವುದಿಲ್ಲ. ನಮ್ಮ ವಿಚಾರ ಅಲ್ಲಿಂದಲೇ ಆರಂಭವಾಗುತ್ತದೆ.

ಈ ಸಮಸ್ಯೆ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಧ್ವನಿಮುದ್ರಣ ಭಾರತಕ್ಕೆ ಕಾಲಿಟ್ಟ ದಿನವೇ ಅದೂ ಬಂದಿತು. 1902ರ ನವೆಂಬರ್ ತಿಂಗಳಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪನಿಯ ಯಂತ್ರದ ಮುಂದೆ ಹಾಡಿದ ಮೊದಲಿಗರಲ್ಲಿ ಗೌಹರ್ ಜಾನ್ ಒಬ್ಬರು. ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಕಾರಣ ಸರಳ: ಮುದ್ರಿಕೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಬೇಕಲ್ಲ!

ಆ ಹೆಸರಿನ ಹಿಂದೆ ಇನ್ನೊಂದು ಹೆಸರಿತ್ತು. ಅವರು ಅರ್ಮೇನಿಯನ್ ಮೂಲದ ಕ್ರೈಸ್ತ ಕುಟುಂಬದಲ್ಲಿ 1873ರಲ್ಲಿ ಹುಟ್ಟಿದವರು. ಜ್ಞಾನಸ್ನಾನದ ಹೆಸರು ಏಂಜಲಿನಾ. ತಾಯ್ತಂದೆಯರ ದಾಂಪತ್ಯ ಮುರಿದ ಮೇಲೆ ತಾಯಿ ಇಸ್ಲಾಂ ಧರ್ಮವನ್ನು ಸ್ವೀಕರಿಸಿ ಮಲ್ಕಾ ಜಾನ್ ಎನಿಸಿದರು. ಮಗಳು ಗೌಹರ್ ಆದಳು. ಅದೇ ಕಾಲದಲ್ಲಿ ಮಲ್ಕಾ ಜಾನ್ ಎಂಬ ಹೆಸರಿನ ಬೇರೆ ಗಾಯಕಿಯರೂ ಇದ್ದುದರಿಂದ ಹಿರಿಯರಾದ ಈ ತಾಯಿಯನ್ನು ‘ಬಡೀ ಮಲ್ಕಾ ಜಾನ್’ ಎಂದು ಕರೆಯಬೇಕಾಯಿತು. ಮಗಳ ಹೆಸರಿಗೂ ಪಾಲುದಾರರು ಬಂದರು. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಅಕ್ಕ ಗೌಹರಬಾಯಿಯೂ ಗಾಯಕಿಯಾಗಿ ಹೆಸರು ಮಾಡಿದರು. ಊರನ್ನೂ ನಾಡನ್ನೂ ನೆನಪಿಸುವ ‘ಕರ್ನಾಟಕಿ’ ಎಂಬ ಮಾತು ಅವರನ್ನು ಬೇರೆಯಾಗಿ ಗುರುತಿಸಿತು. ದೇಶವೆಲ್ಲ ಬಲ್ಲ ಹೆಸರಿನ ಒಡತಿಯಾಗಿದ್ದ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವನ್ನು ಪಡೆದು ಮೈಸೂರಿಗೆ ಬಂದರು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು; ಕೊನೆಗಾಲ ಒಂಟಿತನದ್ದು. ತನ್ನ ಹೆಸರನ್ನು ಅಷ್ಟು ಸಾರಿ ಘೋಷಿಸಿದವರನ್ನು ಕೊನೆಯಲ್ಲಿ ಹೆಸರು ಹಿಡಿದು ಪ್ರೀತಿಯಿಂದ ಕರೆಯಲು ಎಷ್ಟು ಜನರಿದ್ದರು? ಈ ಪ್ರಶ್ನೆ ನಮ್ಮನ್ನು ತಡೆದು ನಿಲ್ಲಿಸಬೇಕು.

ಪಶ್ಚಿಮದ ಪಾಪ್ ಸಂಗೀತದಲ್ಲಿ ಈ ಗೊಂದಲ ಒಂದು ಉದ್ಯಮದ ಪ್ರಶ್ನೆಯಾಗಿ ಬೆಳೆದಿದೆ. ‘ಗ್ರೇಟೆಸ್ಟ್ ಹಿಟ್ಸ್’ ಎಂಬ ಶೀರ್ಷಿಕೆಯ ಆಲ್ಬಮ್‌ಗಳಿಗೆ ಲೆಕ್ಕವಿಲ್ಲ. ಪೀಟರ್ ಗೇಬ್ರಿಯಲ್ ಎಂಬ ಇಂಗ್ಲಿಷ್ ಗಾಯಕರು 1977ರಿಂದ 1982ರವರೆಗೆ ಹೊರತಂದ ನಾಲ್ಕು ಆಲ್ಬಮ್‌ಗಳಿಗೂ ತಮ್ಮ ಹೆಸರನ್ನೇ ಇಟ್ಟರು. ಕೇಳುಗರು ಮುಖಪುಟದ ಚಿತ್ರ ನೋಡಿ ಗುರುತು ಹಿಡಿಯಬೇಕಾಯಿತು. ಡೇವಿಡ್ ಜೋನ್ಸ್ ಎಂಬ ತರುಣ, ಡೇವಿ ಜೋನ್ಸ್ ಎಂಬ ಮತ್ತೊಬ್ಬ ಗಾಯಕನಿದ್ದುದರಿಂದ, 1960ರ ದಶಕದ ನಡುವಿನಲ್ಲಿ ತನ್ನ ಹೆಸರನ್ನು ಡೇವಿಡ್ ಬೋವೀ ಎಂದು ಬದಲಿಸಿಕೊಂಡ. ಕೊನೆಗೆ ಲೋಕ ಬಲ್ಲದ್ದು ಆ ಬದಲಿ ಹೆಸರನ್ನೇ. ಬಿಟ್ಟುಕೊಟ್ಟವನು ನಷ್ಟ ಹೊಂದಲಿಲ್ಲ.

‘ನಿರ್ವಾಣ’ ಎಂಬ ಹೆಸರಿಗಾಗಿ ನಡೆದ ವ್ಯಾಜ್ಯ ಇನ್ನೂ ವಿಚಿತ್ರ. 1960ರ ದಶಕದ ಲಂಡನ್ನಿನ ತಂಡವೊಂದು ಆ ಹೆಸರನ್ನು ಇಟ್ಟುಕೊಂಡಿತ್ತು. 1990ರ ದಶಕದ ಆರಂಭದಲ್ಲಿ ಅದೇ ಹೆಸರಿನ ಅಮೆರಿಕದ ತಂಡ ಜಗತ್ಪ್ರಸಿದ್ಧವಾದಾಗ ಹಳಬರು ನ್ಯಾಯಾಲಯಕ್ಕೆ ಹೋದರು. ಹೊರಗಡೆ ರಾಜಿಯಾಗಿ ಇಬ್ಬರೂ ಹೆಸರನ್ನು ಉಳಿಸಿಕೊಂಡರು. ನಮ್ಮ ಮುಂಡಗೋಡದ ಟಿಬೆಟನ್ ಮಠಗಳ ಭಿಕ್ಷುಗಳನ್ನು ಕೇಳಿದರೆ, ಆ ಪದದ ಅರ್ಥವೇ ‘ನಾನು, ನನ್ನದು’ ಎಂಬ ಆಸೆ ನಂದಿಹೋಗುವುದು ಎಂದು ಹೇಳಿಯಾರು. ಅದೇ ಪದ ‘ನನ್ನದು’ ಎಂದು ವಾದಿಸಿದರಲ್ಲ ಎಂದು ನಾವು ನಗಬಹುದು. ಆದರೆ ಪವಿತ್ರ ನಾಮಗಳಿಗಾಗಿ ಜಗಳವಾಡಿದ ಕ್ರೈಸ್ತರಾದ ನಾವು ಮೆಲ್ಲಗೆ ನಗುವುದು ಲೇಸು.

ನಗು ತರಿಸದ ಕತೆಯೊಂದಿದೆ. ಅಮೆರಿಕದ ಪ್ರಸಿದ್ಧ ತಂಡವೊಂದರ ಹೆಸರು ‘ಲೇಡಿ ಆ್ಯಂಟಿಬೆಲಮ್’. ಆ್ಯಂಟಿಬೆಲಮ್ ಎಂದರೆ ಅಲ್ಲಿನ ಅಂತರ್ಯುದ್ಧಕ್ಕೆ ಮೊದಲಿನ, ಗುಲಾಮಗಿರಿ ತುಂಬಿದ್ದ ಕಾಲ. 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದ ವ್ಯಕ್ತಿ ಪೊಲೀಸನ ಮೊಣಕಾಲಿನಡಿ ಸತ್ತಾಗ ಆ ತಂಡದ ಮನಸ್ಸಾಕ್ಷಿ ಚುಚ್ಚಿತು. ಆ ಪದವನ್ನು ಕೈಬಿಟ್ಟು, ಅಭಿಮಾನಿಗಳು ಮೊದಲೇ ಕರೆಯುತ್ತಿದ್ದ ‘ಲೇಡಿ ಎ’ ಎಂಬ ಹೆಸರನ್ನೇ ಉಳಿಸಿಕೊಂಡರು. ಅದನ್ನು ಅವರು ಹಿಂದೆಯೇ ನೋಂದಾಯಿಸಿಯೂ ಇದ್ದರು. ಆದರೆ ಸಿಯಾಟಲ್ ನಗರದಲ್ಲಿ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲದಿಂದ ಅದೇ ಹೆಸರಿನಲ್ಲಿ ಹಾಡುತ್ತಿದ್ದ ಆನಿಟಾ ವೈಟ್ ಎಂಬ ಗಾಯಕಿ ಇದ್ದರು. ಅವರು ಕಪ್ಪು ಜನಾಂಗದವರು. ಮೊದಲ ಮಾತುಕತೆ ಸ್ನೇಹದಿಂದಲೇ ನಡೆಯಿತು, ಆಮೇಲೆ ಮುರಿಯಿತು. ಜುಲೈನಲ್ಲಿ ತಂಡ ನ್ಯಾಯಾಲಯದ ಮೆಟ್ಟಿಲೇರಿತು, ಸೆಪ್ಟೆಂಬರಿನಲ್ಲಿ ಆಕೆಯೂ ಏರಿದರು. 2022ರಲ್ಲಿ ರಾಜಿಯಾಯಿತು, ಷರತ್ತುಗಳು ಬಹಿರಂಗವಾಗಲಿಲ್ಲ. ಯಾರ ವಾದ ಕಾನೂನಿಗೆ ಹೆಚ್ಚು ಒಪ್ಪುತ್ತಿತ್ತು ಎಂಬುದು ನನ್ನ ವಿಷಯವಲ್ಲ. ಕಪ್ಪು ಜನರಿಗಾದ ಅನ್ಯಾಯಕ್ಕೆ ಮರುಗಿ ಹೆಸರು ಬದಲಿಸಿದವರು, ಆ ಬದಲಾವಣೆಯ ದಾರಿಯಲ್ಲೇ ಒಬ್ಬ ಕಪ್ಪು ಸ್ತ್ರೀಯ ದನಿಯನ್ನು ತಮ್ಮ ಪ್ರಸಿದ್ಧಿಯ ಅಡಿಯಲ್ಲಿ ಮುಚ್ಚಿಹಾಕುವಂತಾಯಿತು. ಪಶ್ಚಾತ್ತಾಪಕ್ಕೂ ಕಣ್ಣು ಬೇಕು. ಒಳ್ಳೆಯದನ್ನು ಮಾಡಹೊರಟಾಗ ಮೊದಲೇ ಅಲ್ಲಿ ಯಾರು ನಿಂತಿದ್ದಾರೆಂದು ನೋಡಬೇಕು.

ಈ ಕತೆ ನಮಗೆ ದೂರದ್ದಲ್ಲ. ಮುಂಡಗೋಡ, ಹಳಿಯಾಳ, ಯಲ್ಲಾಪುರದ ಕಾಡಿನಂಚುಗಳಲ್ಲಿ ನಮ್ಮ ಸಿದ್ದಿ ಬಾಂಧವರಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟು, ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತತಿಯವರು ಅವರಲ್ಲಿದ್ದಾರೆ. ಗುಲಾಮನಿಗೆ ಮೊದಲು ತಪ್ಪುವುದು ಊರು, ಎರಡನೆಯದು ಹೆಸರು. ಒಡೆಯನಿಟ್ಟದ್ದೇ ಹೆಸರಾಗುತ್ತದೆ. ಆದರೆ ಇಂದು ಕ್ರೈಸ್ತರು, ಹಿಂದೂಗಳು, ಮುಸಲ್ಮಾನರು ಎಂಬ ಭೇದವಿಲ್ಲದೆ ಅವರಲ್ಲಿ ಅನೇಕರು ತಮ್ಮ ಹೆಸರಿನ ಕೊನೆಗೆ ‘ಸಿದ್ದಿ’ ಎಂದು ಬರೆಯುತ್ತಾರೆ. ಅಲ್ಲಿ ಹೆಸರನ್ನು ಹಂಚಿಕೊಳ್ಳುವುದು ಗೊಂದಲವಲ್ಲ, ಬಂಧುತ್ವ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು ಆ ಹಂಚಿಕೊಂಡ ಹೆಸರಿನಲ್ಲೇ. ಹೀಗೆ, ಒಂದೇ ಹೆಸರು ಇಬ್ಬರಲ್ಲಿರುವುದು ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಬಲವುಳ್ಳವನು ಅದರಿಂದ ಬಲಹೀನನನ್ನು ಮರೆಮಾಡಿದರೆ ಅದು ಅನ್ಯಾಯ. ಬಲಹೀನರು ಅದರಡಿ ಒಟ್ಟುಗೂಡಿದರೆ ಅದು ಆಸರೆ.

ಪ್ರಿಯ ಓದುಗರೇ, ಇಷ್ಟು ಹೇಳಿ ಇತರರ ತಪ್ಪನ್ನು ತೂಗಿದ ಮೇಲೆ ನನ್ನದನ್ನು ಹೇಳದಿದ್ದರೆ ನಾನು ಕಪಟಿ. ನನ್ನ ಹೆಸರಿನ ಇನ್ನೊಬ್ಬ ಗುರು ಇದ್ದರು, ನನಗಿಂತ ಹಿರಿಯರು. ಅವರು ಕೆಲವು ಕನ್ನಡ ಗೀತೆಗಳನ್ನು ರಚಿಸಿದ್ದರು. ನಾನು ಹೊಸದಾಗಿ ಗುರುದೀಕ್ಷೆ ಪಡೆದ ದಿನಗಳಲ್ಲಿ ಒಂದು ಊರಿನ ವೃದ್ಧೆಯೊಬ್ಬರು ಬಲಿಪೂಜೆಯ ನಂತರ ನನ್ನ ಕೈ ಹಿಡಿದು, ಮಗನನ್ನು ಮಣ್ಣು ಮಾಡಿದ ದಿನ ನನ್ನ ಹಾಡೇ ತಮ್ಮನ್ನು ಉಳಿಸಿತೆಂದು ಅತ್ತರು. ಅದು ನನ್ನ ಹಾಡಲ್ಲ, ಅವರದು. “ಅಮ್ಮಾ, ಅದನ್ನು ಬರೆದವರು ಬೇರೆ,” ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಆಕೆಯ ದುಃಖದ ಹೊತ್ತಿನಲ್ಲಿ ತಿದ್ದುವುದು ಬೇಡವೆಂದು ನನಗೆ ನಾನೇ ಹೇಳಿಕೊಂಡೆ. ಸತ್ಯವೆಂದರೆ, ಆ ಕೃತಜ್ಞತೆ ನನಗೆ ಸಿಹಿಯಾಗಿತ್ತು. ಆ ಹಿರಿಯರಿಗೆ ತಿಳಿಸಬೇಕೆಂದು ವರ್ಷಗಟ್ಟಲೆ ಅಂದುಕೊಂಡೆ. ತಿಳಿಸುವ ಮೊದಲೇ ಅವರು ಪ್ರಭುವಿನಲ್ಲಿ ನಿದ್ರಿಸಿದರು. ತಾವು ಬರೆದ ಹಾಡು ಒಬ್ಬ ತಾಯಿಯನ್ನು ಎತ್ತಿ ನಿಲ್ಲಿಸಿತೆಂದು ಅವರು ಕೇಳಬೇಕಾಗಿತ್ತು. ಅದನ್ನು ಅವರಿಂದ ಕದ್ದವನು ನಾನು. ಚಿಗಳ್ಳಿಯ ಜಗುಲಿಯಲ್ಲಿ ಆ ಹುಡುಗನ ಮುಖ ನೋಡಿದಾಗ ನನಗೆ ನೆನಪಾದದ್ದು ಇದೇ. ಅದಕ್ಕೇ ಅಂದು ನನ್ನ ಸಮಾಧಾನದ ಮಾತು ಅಷ್ಟು ಸಪ್ಪೆಯಾಗಿತ್ತು.

ಹೆಸರನ್ನು ಹಂಚಿಕೊಂಡೂ ಪ್ರಾಮಾಣಿಕರಾಗಿರುವ ದಾರಿ ನಮ್ಮ ನಾಡಿನಲ್ಲಿ ಹಳೆಯದು. ನಮ್ಮ ನೆರೆಯ ಹಾನಗಲ್ಲಿನ ಹೆಸರನ್ನು ಗಂಗೂಬಾಯಿಯವರು ತಮ್ಮ ಹೆಸರಿಗೆ ಸೇರಿಸಿಕೊಂಡು ಲೋಕವೆಲ್ಲ ಕೇಳುವಂತೆ ಮಾಡಿದರು. ಇನ್ನೊಂದು ನೆರೆಯಾದ ಶಿಗ್ಗಾಂವಿ ತಾಲೂಕಿನಲ್ಲಿ ಶಿಶುನಾಳವಿದೆ. ಅಲ್ಲಿನ ಷರೀಫರು (1819–1889) ತಮ್ಮ ಪದಗಳ ಕೊನೆಗೆ ಹಾಕಿದ್ದು ತಮ್ಮ ಹೆಸರನ್ನಲ್ಲ, ಶಿಶುನಾಳಾಧೀಶನ ಅಂಕಿತವನ್ನು. ಶ್ರೀನಿವಾಸ ನಾಯಕ ಎಂಬ ವರ್ತಕರು ಪುರಂದರದಾಸರಾದ ಮೇಲೆ ಅವರ ಹಾಡುಗಳ ಕೊನೆಯಲ್ಲಿ ನಿಂತದ್ದು ಪುರಂದರ ವಿಠಲನ ಹೆಸರು. ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ ಎಂದು ಆ ಹೆಸರನ್ನು ಎಷ್ಟೋ ದಾಸರು ಹಂಚಿಕೊಂಡರು. ಯಾರೂ ಯಾರನ್ನೂ ನ್ಯಾಯಾಲಯಕ್ಕೆ ಎಳೆಯಲಿಲ್ಲ. ಹಾಡಿನ ಒಡೆಯ ಬೇರೊಬ್ಬನಿದ್ದಾನೆ ಎಂದು ಅವರಿಗೆ ಗೊತ್ತಿತ್ತು.

ಷರೀಫರ ಪದಗಳನ್ನು ನಮ್ಮ ಮನೆಮನೆಗೆ ತಂದ ಗಾಯಕ ಸಿ. ಅಶ್ವತ್ಥ್ ಅವರು 2009ರ ಡಿಸೆಂಬರ್ 29ರಂದು ತೀರಿಕೊಂಡರು. ಇಪ್ಪತ್ತು ದಿನಗಳ ನಂತರ, 2010ರ ಜನವರಿ 18ರಂದು, ನಟ ಕೆ.ಎಸ್. ಅಶ್ವತ್ಥ್ ತೀರಿಕೊಂಡರು. ಅದೇ ಹೆಸರಿಗೆ ಕನ್ನಡಿಗರು ಎರಡು ಸಾರಿ ಕಣ್ಣೀರಿಟ್ಟರು. ಒಬ್ಬರು ನಮಗೆ ದನಿಯಾಗಿದ್ದರು, ಇನ್ನೊಬ್ಬರು ತಂದೆಯಂಥ ಮುಖವಾಗಿದ್ದರು. ಒಬ್ಬರ ಹೆಸರು ಇನ್ನೊಬ್ಬರ ಹೆಸರನ್ನು ಕುಗ್ಗಿಸಲಿಲ್ಲ. ಇಬ್ಬರೂ ತಮ್ಮ ಕೆಲಸದಿಂದ ಅದನ್ನು ತುಂಬಿದ್ದರು.

ನಮ್ಮ ಧರ್ಮಸಭೆಯಂತೂ ಹೆಸರನ್ನು ಬೇಕೆಂದೇ ಹಂಚುತ್ತದೆ. ಜ್ಞಾನಸ್ನಾನದಲ್ಲಿ ಮಗುವಿಗೆ ಸಂತರ ಹೆಸರಿಡುವಾಗ ಆ ಹೆಸರು ಹಳೆಯದೆಂದು ಯಾರೂ ಕೊರಗುವುದಿಲ್ಲ. ಹಳೆಯದಾದ ಕಾರಣದಿಂದಲೇ ಇಡುತ್ತೇವೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡರು. 1891ರಲ್ಲಿ ಕಾರ್ಮಿಕರ ಹಕ್ಕುಗಳ ಕುರಿತು ವಿಶ್ವಪತ್ರ ಬರೆದ ಹದಿಮೂರನೆಯ ಲಿಯೋ ಅವರ ನೆನಪು ಅದಕ್ಕೆ ಮುಖ್ಯ ಕಾರಣವೆಂದು ಅವರೇ ತಿಳಿಸಿದರು. ಹೆಸರನ್ನು ಹೀಗೆ ಪಡೆಯುವುದು ಸಾಲ ಪಡೆದಂತೆ. ಬಾಳಿ ತೀರಿಸಬೇಕು.

ಇನ್ನು ಶುಭಸಂದೇಶಗಳನ್ನು ತೆರೆದು ನೋಡಿ. ಹನ್ನೆರಡು ಮಂದಿ ಪ್ರೇಷಿತರಲ್ಲಿ ಇಬ್ಬರು ಸಿಮೋನರು, ಇಬ್ಬರು ಯಾಕೋಬರು, ಇಬ್ಬರು ಯೂದರು! ಕಡೆಯ ಭೋಜನದ ಹೊತ್ತಿನಲ್ಲಿ ಒಬ್ಬ ಯೂದ ಪ್ರಶ್ನೆ ಕೇಳಿದಾಗ, ಇವನು ಇಸ್ಕರಿಯೋತನಲ್ಲ ಎಂದು ಸಂತ ಯೊವಾನ್ನರು ಬಿಡಿಸಿ ಹೇಳಬೇಕಾಯಿತು. ಗುರುದ್ರೋಹಿಯ ಹೆಸರನ್ನೇ ಹೊತ್ತು ಬಾಳುವುದು ಎಂಥ ಭಾರ! ಆ ಹೆಸರಿನಿಂದಾಗಿಯೇ ಬಹುಕಾಲ ಭಕ್ತರು ಸಂತ ಯೂದ ತದ್ದೇಯರ ಮೊರೆಹೋಗಲಿಲ್ಲ ಎಂಬ ಪ್ರತೀತಿಯಿದೆ. ಇಂದು ದಿಕ್ಕುಗಾಣದವರೆಲ್ಲ ಮೊರೆಯಿಡುವುದು ಅವರಿಗೇ. ಕೆಟ್ಟ ಹೆಸರನ್ನು ಅವರು ಬದಲಿಸಿಕೊಳ್ಳಲಿಲ್ಲ, ಶುದ್ಧಮಾಡಿದರು.

ಇದಕ್ಕಿಂತ ಆಶ್ಚರ್ಯದ ಮಾತೆಂದರೆ, ‘ಯೇಸು’ ಎಂಬುದು ಆ ನಾಡಿನಲ್ಲಿ, ಆ ಕಾಲದಲ್ಲಿ ಬಹು ಸಾಮಾನ್ಯವಾದ ಹೆಸರುಗಳಲ್ಲಿ ಒಂದು. ಮೋಶೆಯ ನಂತರ ಜನರನ್ನು ನಡೆಸಿದ ಯೆಹೋಶುವನ ಹೆಸರೇ ಅದು. ಅದಕ್ಕಾಗಿಯೇ ಪ್ರಭುವನ್ನು ‘ನಜರೇತಿನ ಯೇಸು’ ಎಂದು ಊರು ಸೇರಿಸಿ ಕರೆಯಬೇಕಾಗಿತ್ತು, ನಾವು ಗಂಗೂಬಾಯಿ ಹಾನಗಲ್ ಎನ್ನುವಂತೆ. ಮತ್ತಾಯನ ಶುಭಸಂದೇಶದ ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಬರಬ್ಬನ ಹೆಸರೂ ‘ಯೇಸು ಬರಬ್ಬ’ ಎಂದೇ ಇದೆ. ಹಾಗಿದ್ದರೆ ಪಿಲಾತನು ಜನರ ಮುಂದಿಟ್ಟದ್ದು ಒಂದೇ ಹೆಸರಿನ ಇಬ್ಬರನ್ನು. ಜನ ಹೆಸರನ್ನು ಸರಿಯಾಗಿಯೇ ಕೂಗಿದರು, ಮನುಷ್ಯನನ್ನು ತಪ್ಪಾಗಿ ಆರಿಸಿದರು. ದೇವಪುತ್ರನು ಯಾರೂ ಹೊರದ, ಯಾರೂ ಕೇಳದ ಒಂದು ಹೆಸರನ್ನು ತರಬಹುದಾಗಿತ್ತು. ತರಲಿಲ್ಲ. ಬಡಗಿಯ ಮಗನಾದಂತೆ, ಬೀದಿಯಲ್ಲಿ ಕರೆದರೆ ನಾಲ್ವರು ತಿರುಗಿ ನೋಡುವ ಹೆಸರಿನವನೂ ಆದನು.

ಹಾಗಾದರೆ ಗುರುತು ಯಾವುದು? ಪುನರುತ್ಥಾನದ ಮುಂಜಾನೆ ತೋಟದಲ್ಲಿ ಅಳುತ್ತ ನಿಂತಿದ್ದ ಮಗ್ದಲದ ಮರಿಯಳನ್ನು ನೆನೆಯಿರಿ. ಅವಳು ಪ್ರಭುವನ್ನು ತೋಟಗಾರನೆಂದುಕೊಂಡಳು. ಅವರು ಅವಳ ಹೆಸರನ್ನಷ್ಟೇ ಕರೆದರು. ಆ ಹೆಸರು ಅವಳೊಬ್ಬಳದೇ? ಶಿಲುಬೆಯಡಿಯಲ್ಲಿ ನಿಂತಿದ್ದ ಸ್ತ್ರೀಯರಲ್ಲೇ ಮರಿಯ ಎಂಬ ಹೆಸರಿನವರು ಹಲವರು. ಆದರೂ ಅವಳು ತಿರುಗಿದಳು, ಗುರುತಿಸಿದಳು. ಹೆಸರು ಎಲ್ಲರದಾಗಿತ್ತು; ಕರೆದ ದನಿ ಅವಳಿಗಾಗಿ ಇತ್ತು. ಚಿಗಳ್ಳಿಯ ಅಜ್ಜಿ ಅಡುಗೆಮನೆಯಿಂದ ಹೇಳಿದ್ದೂ ಇದನ್ನೇ. ಗುರುಮಠದಲ್ಲಿ ತತ್ವಶಾಸ್ತ್ರ ಓದಿದ ನನಗೆ ಅದು ತಡವಾಗಿ ತಿಳಿಯಿತು.

ಇಂದಿನ ಯಂತ್ರಗಳು ದನಿಯನ್ನೂ ನಕಲು ಮಾಡುತ್ತವೆಯಲ್ಲ ಎಂದು ಯುವಕರು ಕೇಳಬಹುದು. ನಿಜ. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ಹೆಸರಿಗೂ ದನಿಗೂ ಮುಂಬಯಿ ಉಚ್ಚ ನ್ಯಾಯಾಲಯ ರಕ್ಷಣೆ ನೀಡಬೇಕಾಯಿತು. ದುಡಿದವನ ಹಕ್ಕಿಗೆ ಅಂಥ ರಕ್ಷಣೆ ಬೇಕು. ಪ್ರೀತಿಯ ಮಾತಾಡಿ ಹಕ್ಕನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಮಗ್ದಲದ ಮರಿಯ ಗುರುತಿಸಿದ್ದು ಬರಿಯ ಸ್ವರವನ್ನಲ್ಲ. ತನ್ನನ್ನು ಬಲ್ಲವನು, ತನ್ನನ್ನು ಎತ್ತಿ ನಿಲ್ಲಿಸಿದವನು ಕರೆಯುತ್ತಿದ್ದಾನೆ ಎಂಬುದನ್ನು. ಅದನ್ನು ನಕಲು ಮಾಡುವ ಯಂತ್ರ ಇಲ್ಲ.

ಮೊನ್ನೆ ಮತ್ತೆ ಚಿಗಳ್ಳಿಗೆ ಹೋಗಿದ್ದೆ. ಹುಡುಗನಿಗೆ ನನ್ನ ಹಳೆಯ ತಪ್ಪನ್ನು ಹೇಳಿದೆ. ಅವನು ಸುಮ್ಮನೆ ಕೇಳಿದ. ಆಮೇಲೆ ಒಳ್ಳೆಯ ಎರಡು ಕೆಲಸ ಮಾಡಿದ. ತನ್ನ ಆಲ್ಬಮ್‌ನ ಹೆಸರಿನ ಮುಂದೆ ಊರಿನ ಹೆಸರನ್ನು ಸೇರಿಸಿದ. ತನ್ನದೇ ಹೆಸರಿನ ಆ ಗಾಯಕನಿಗೆ ಒಂದು ಸಂದೇಶ ಬರೆದ: ನಿಮ್ಮ ಹಾಡನ್ನು ನನ್ನ ಚಿಕ್ಕಪ್ಪ ಬಹಳ ಮೆಚ್ಚಿಕೊಂಡರು, ಆ ಮೆಚ್ಚುಗೆ ನಿಮಗೆ ಸೇರಬೇಕಾದದ್ದು ಎಂದು. ಉತ್ತರ ಇನ್ನೂ ಬಂದಿಲ್ಲ. ನಾನು ಮೂವತ್ತು ವರ್ಷಗಳಲ್ಲಿ ಮಾಡಲಾಗದ್ದನ್ನು ಅವನು ಒಂದು ಸಂಜೆಯಲ್ಲಿ ಮಾಡಿದ.

ನಾವು ಹೊರಡುವ ಹೊತ್ತಿಗೆ ಅಜ್ಜಿ ಬಾಗಿಲಿಗೆ ಬಂದು “ಮೇರೀ” ಎಂದು ಕೂಗಿದರು. ಓಣಿಯ ಆ ತುದಿಯಿಂದ “ಓ” ಎಂದು ಒಂದೇ ದನಿ ಕೇಳಿಸಿತು.